ಕಲ್ಲಮ್ಮ ಕೇಳಿದ ಪ್ರಶ್ನೆಗಳು

ಜ್ಞಾನೇಶ ಕಲ್ಲಮ್ಮನನ್ನು ಹುಟ್ಟಿಸಿದ್ದು ಬರೀ ನಕ್ಷತ್ರದ ಆಸೆಗೆ.

ಷಣ್ಮುಖಪ್ಪನವರ ಮಿಕ್ಸಿ-ಗ್ರೈಂಡರ್ ಅಂಗಡಿಯಲ್ಲಿ ವ್ಯಾಪಾರದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಕಂಬಗಳಾಗಿ ನಿಲ್ಲಿಸುವುದು ಅವನ ಕೆಲಸ. ಆ ಸಾಫ್ಟ್‌ವೇರ್ ಬಳಸುವವರದೇ ಒಂದು ಆನ್‌ಲೈನ್ ಬಳಗವಿತ್ತು. ಅಲ್ಲಿ ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಟ್ಟು, ಕೇಳಿದವರು 'ಸರಿಹೋಯ್ತು' ಎಂದು ಒತ್ತಿದರೆ ಉತ್ತರ ಕೊಟ್ಟವರ ಹೆಸರಿಗೆ ಒಂದು ನಕ್ಷತ್ರ. ಜ್ಞಾನೇಶ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಬೇರೆ ಯಾರೋ ಉತ್ತರ ಕೊಟ್ಟಾಗಿರುತ್ತಿತ್ತು. ರೋಸಿಹೋಗಿ 'ಕಲ್ಲಮ್ಮ, ಆಯನೂರು' ಎಂಬ ಸುಳ್ಳು ಖಾತೆ ತೆರೆದ. ಕಲ್ಲಮ್ಮ ಕೇಳುತ್ತಿದ್ದಳು, ಜ್ಞಾನೇಶ ಉತ್ತರಿಸುತ್ತಿದ್ದ, ಕಲ್ಲಮ್ಮ ಭಕ್ತಿಯಿಂದ 'ಸರಿಹೋಯ್ತು' ಒತ್ತುತ್ತಿದ್ದಳು. ಅವನ ನಕ್ಷತ್ರಗಳನ್ನು ನೋಡಿ ಷಣ್ಮುಖಪ್ಪನವರು ಭದ್ರಾವತಿಯ ಹೊಸ ಅಂಗಡಿಗೆ ಅವನನ್ನೇ ಮ್ಯಾನೇಜರ್ ಮಾಡುವ ಮಾತಾಡಿದ್ದರು.

ಭಾನುವಾರ ಬೆಳಿಗ್ಗೆ ಬಳಗದ ಕಾರ್ಯದರ್ಶಿ ಸ್ಫೂರ್ತಿಯ ಫೋನು ಬಂತು.

"ಬಳಗದಲ್ಲಿ ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳಿದ್ದಕ್ಕೆ ಇವತ್ತು ಭದ್ರಾವತಿ ಮೀಟಿಂಗಲ್ಲಿ ಕಲ್ಲಮ್ಮನೋರಿಗೆ ಸನ್ಮಾನ. ನಿಮ್ಮ ಷಣ್ಮುಖಪ್ಪನೋರೇ ಮುಖ್ಯ ಅತಿಥಿ. ಯಾವಾಗ್ಲೂ ಉತ್ತರ ಕೊಡೋರು ನೀವಲ್ವಾ, ಕಲ್ಲಮ್ಮನೋರನ್ನ ನೀವೇ ಕರ್ಕೊಂಡ್ ಬನ್ನಿ."

"ಅವ್ರಿಗೆ ಹುಷಾರಿಲ್ಲ ಮೇಡಂ..."

"ಅಯ್ಯೋ! ಹಾಗಾದ್ರೆ ನಾವೆಲ್ಲಾ ಹಣ್ಣು ತಗೊಂಡು ಆಯನೂರಿಗೇ ಹೋಗ್ತೀವಿ."

"ಬೇಡ ಬೇಡ, ಈಗ ಹುಷಾರಾದ್ರಂತೆ!"

ಬೇರೆ ದಾರಿ ಕಾಣದೆ ಜ್ಞಾನೇಶ ವಿನೋಬನಗರದಲ್ಲಿ ತನ್ನ ಪಕ್ಕದ ಮನೆಯ ಉಮಾಮಹೇಶ್ವರಿಯ ಬಳಿಗೆ ಓಡಿ ಎಲ್ಲವನ್ನೂ ಹೇಳಿಕೊಂಡ.

"ಉಮಕ್ಕ, ಕಲ್ಲಮ್ಮ ಆಗಿ ಶಾಲು ಹೊದ್ದುಕೊಂಡು ಕೂತ್ರೆ ಸಾಕು. ಬಾಯಿ ಮಾತ್ರ ಬಿಡ್ಬೇಡಿ."

"ನಾನ್ಯಾವತ್ತು ಜಾಸ್ತಿ ಮಾತಾಡ್ತೀನಿ ಮಾರಾಯ?" ಎಂದ ಉಮಕ್ಕ, ಭದ್ರಾವತಿಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಕಂಡಕ್ಟರನಿಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂಬುದನ್ನೂ ಕೇಳಿ ತಿಳಿದುಕೊಂಡಿದ್ದರು.

ಸನ್ಮಾನವೇನೋ ಸಲೀಸಾಗಿ ಮುಗಿಯಿತು. ಆಮೇಲೆ ಷಣ್ಮುಖಪ್ಪನವರು, ತಮ್ಮ ಅಂಗಡಿಯ ಪ್ರಗತಿ ನೋಡಿ ಎಂದು ಜ್ಞಾನೇಶ ಮಾಡಿದ ಕಂಬಗಳನ್ನು ಪರದೆಯ ಮೇಲೆ ತೋರಿಸಿದರು. ಉಮಕ್ಕನ ಬಾಯಿ ತುರಿಸಿತು.

"ಅಲ್ಲ ಸ್ವಾಮಿ, ಆ ಮೂಲೇಲಿರೋ ಕೆಂಪು ಕಂಬ ಯಾಕೆ ಅಷ್ಟು ಗಿಡ್ಡ?"

ಷಣ್ಮುಖಪ್ಪನವರು ಕಂಬ ನೋಡಿದರು, ಜ್ಞಾನೇಶನನ್ನು ನೋಡಿದರು. "ಗ್ರೈಂಡರಿಂದು ಅದು. ಯಾಕಯ್ಯಾ ಗಿಡ್ಡ?"

ಬಣ್ಣ ಆರಿಸುವುದರಲ್ಲೇ ಮುಳುಗಿದ್ದ ಜ್ಞಾನೇಶ ಅದನ್ನು ಯೋಚಿಸಿಯೇ ಇರಲಿಲ್ಲ. "ಅದು... ಪಕ್ಕದ್ದು ಉದ್ದ ಇದೆಯಲ್ಲ ಸಾರ್, ಅದಕ್ಕೇ ಹಾಗೆ ಕಾಣುತ್ತೆ" ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಷಣ್ಮುಖಪ್ಪನವರು ನಗಲಿಲ್ಲ.

"ಇಷ್ಟು ದಿನ ಈ ಕಂಬಗಳಿಗೆ ನಾನೂ ಸುಮ್ನೆ ತಲೆ ಆಡಿಸ್ದೆ. ಯಾಕೆ ಅಂತ ಕೇಳಿದ್ದು ಇವರೊಬ್ರೇ. ಕಲ್ಲಮ್ಮನೋರೇ, ಭದ್ರಾವತಿ ಅಂಗಡಿಗೆ ನೀವೇ ಮ್ಯಾನೇಜರ್. ಜ್ಞಾನೇಶ ನಿಮ್ಮ ಕೈಕೆಳಗಿರ್ತಾನೆ."

"ನಾಳೆಯಿಂದ್ಲೇ ಬರ್ಲಾ?" ಎಂದರು ಉಮಕ್ಕ.

ಜ್ಞಾನೇಶ ಎದ್ದು ನಿಂತ. ನಿಜ ಹೇಳಿದರೆ ಇರುವ ಕೆಲಸವೂ ಹೋಗುತ್ತದೆ ಎಂದು ನೆನಪಾಗಿ ಹಾಗೇ ಕೂತು ಚಪ್ಪಾಳೆ ತಟ್ಟಿದ.

ಮರಳುವಾಗ ಬಸ್ಸಿನಲ್ಲಿ ಅವನು ಗೋಗರೆದ. "ಉಮಕ್ಕ, ದಮ್ಮಯ್ಯ, ಆಗಲ್ಲ ಅಂತ ಹೇಳ್ಬಿಡಿ. ನಿಮಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ."

ಉಮಕ್ಕ ಶಾಲನ್ನು ನೀಟಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಆಫೀಸಲ್ಲಿ ಉಮಕ್ಕ ಅನ್ಬೇಡ, ಕಲ್ಲಮ್ಮ ಮೇಡಂ ಅನ್ನು. ಕೇಳೋದು ನಾನು, ಉತ್ತರ ಹುಡ್ಕೋದು ನೀನು. ಸರಿಹೋದ್ರೆ ಸರಿಹೋಯ್ತು ಅಂತ ನಾನೇ ಹೇಳ್ತೀನಿ. ಇಷ್ಟು ದಿನ ನಡೆದಿದ್ದೂ ಹಂಗೇ ಅಲ್ವೇನೋ?"