ಉತ್ತರ ಕೊಡದವರಿಗೇ ಗುತ್ತಿಗೆ

ಇನ್ನೂರು ಪೆಟ್ಟಿಗೆ ಡಾರ್ಜಿಲಿಂಗ್ ಚಹಾ, ನಲವತ್ತು ಸಾವಿರ ಯೂರೋ ವ್ಯವಹಾರ. ಲೇರ್ ಪಟ್ಟಣದ ಫೋಕನ್ ಚಹಾ ಮಂಡಿಯು ತನ್ನ ಬೆಲೆಯನ್ನು ಶುಕ್ರವಾರದೊಳಗೆ ತೋಟದವರಿಗೆ ತಿಳಿಸತಕ್ಕದ್ದಾಗಿತ್ತು. ಹೋದ ವರ್ಷ ಈ ಬೆಲೆ ಪುಕ್ಕಟೆ ಇಮೇಲಿನಿಂದ ಸೋರಿ, ಎದುರು ಅಂಗಡಿಯ ಮೈಂಟ್ಸ್ ಒಂದು ಯೂರೋ ಹೆಚ್ಚು ಕೂಗಿ ಮಾಲು ಹೊಡೆದಿದ್ದ. ಹಾಗಾಗಿ ಮೊದಲು ಗುಟ್ಟು ಕಾಯುವ ಇಮೇಲ್ ಸೇವೆ, ಆಮೇಲೆ ಬೆಲೆ ಎಂದು ಮಾಲೀಕ ಹಬ್ಬೋ ಫೋಕನ್ ಅಪ್ಪಣೆ ಮಾಡಿದರು.

ಖರೀದಿ ನೋಡಿಕೊಳ್ಳುವ ತೊಮ್ಮಾ ಐದು ಸೇವೆಗಳ ಹೆಸರು ತಂದಳು. ಚಹಾ ಕೈಸೇರಿದರಷ್ಟೇ ಅವಳಿಗೆ ಬೋನಸ್ಸು. ಮಾಹಿತಿ ರಕ್ಷಣಾಧಿಕಾರಿ ರೈಂಡರ್ಸ್ ಐವರಿಗೂ ಪತ್ರ ಬರೆದರು: ಸರ್ವರ್ ಎಲ್ಲಿದೆ, ಒಳಗಿನದನ್ನು ಯಾರು ಓದಬಲ್ಲರು, ಬೀಗದ ಕೈ ಯಾರ ಬಳಿ?

ನಾಲ್ವರು ಅಂದೇ ಸವಿವರವಾಗಿ ಉತ್ತರಿಸಿದರು. ನಾಲ್ವರೂ ಅನರ್ಹರಾದರು.

"ಯಾಕ್ರೀ? ಪಾಪ, ಅಷ್ಟು ಚೆನ್ನಾಗಿ ಬರೆದಿದ್ದಾರೆ" ಎಂದಳು ತೊಮ್ಮಾ.

"ಅದೇ ತಪ್ಪು ಕಣಮ್ಮ. ಗುರುತಿಲ್ಲದವನು ಕೇಳಿದ ಕೂಡಲೇ ಮನೆ ವಿಚಾರವೆಲ್ಲ ಕಕ್ಕಿಬಿಟ್ರು. ನಾಳೆ ನಮ್ಮದು ಕಕ್ಕಲ್ವಾ?" ಎಂದರು ರೈಂಡರ್ಸ್.

ಐದನೆಯವರು ಮೊದಲ ಪತ್ರಕ್ಕೂ ಉತ್ತರಿಸಲಿಲ್ಲ, ಜ್ಞಾಪನಕ್ಕೂ ಉತ್ತರಿಸಲಿಲ್ಲ. ರೈಂಡರ್ಸ್ ನೂರಕ್ಕೆ ನೂರು ಅಂಕ ಕೊಟ್ಟರು. ಅನುಮಾನ ಬಂದ ತೊಮ್ಮಾ ವಿಚಾರಿಸಿಕೊಂಡು ಬಂದಳು.

"ಸ್ವಾಮಿ, ಅವರು ಬಾಗಿಲು ಹಾಕಿ ಎರಡು ವರ್ಷ ಆಯ್ತಂತೆ."

ಮಾಲೀಕರು ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಮೇಲೆ ಬಿಸಿ ಚಹಾ ಸುರಿದು, ಸಕ್ಕರೆ ಚಿಟಿಚಿಟಿ ಅನ್ನುವವರೆಗೆ ಕಾದು ಕೇಳಿದರು: "ಎರಡು ವರ್ಷದಲ್ಲಿ ಏನಾದ್ರೂ ಸೋರಿದೆಯಾ?"

"ಏನಿದೆ ಸೋರೋಕೆ?"

"ಮತ್ತೆ? ಇಂಥ ಚರಿತ್ರೆ ಇನ್ಯಾರಿಗಿದೆ ತೋರಿಸು."

"ಹಾಗಾದ್ರೆ ಬೆಲೆ ಹೇಗೆ ಕಳಿಸ್ಲಿ? ಫೋನ್ ಮಾಡ್ಲಾ?"

"ಗೋಡೆಗೂ ಕಿವಿ ಇರುತ್ತೆ ತಾಯಿ" ಎಂದರು ರೈಂಡರ್ಸ್.

ಸಂಜೆ ಗೋಡೆಯ ಮೇಲೆ ಪ್ರಕಟಣೆ ಬಿತ್ತು: 'ಇಂದಿನಿಂದ ಮಂಡಿಯ ಸಕಲ ಪತ್ರವ್ಯವಹಾರವು ಆಯ್ಕೆಯಾದ ಸೇವೆಯ ಮೂಲಕವೇ ನಡೆಯತಕ್ಕದ್ದು. ಸದರಿ ಸೇವೆಯು ಅಸ್ತಿತ್ವದಲ್ಲಿ ಇಲ್ಲದಿರುವುದು ವಿನಾಯಿತಿಗೆ ಕಾರಣವಾಗದು.'

ಶುಕ್ರವಾರ ಕಳೆಯಿತು. ಎದುರಾಳಿಯಿಲ್ಲದ ಮೈಂಟ್ಸ್ ಅಗ್ಗಕ್ಕೆ ಇನ್ನೂರು ಪೆಟ್ಟಿಗೆ ಎತ್ತಿದ. ಗಿರಾಕಿಗಳಿಗೆ ಮಾತು ಕೊಟ್ಟಾಗಿತ್ತು. ತೊಮ್ಮಾ ಬೀದಿ ದಾಟಿ ಹೋಗಿ ಅದೇ ಪೆಟ್ಟಿಗೆಗಳಿಗೆ ಬೆಲೆ ಕೇಳಿದಳು. ಆರು ಸಾವಿರ ಹೆಚ್ಚು ಹೇಳಿ ಮೈಂಟ್ಸ್ ನಕ್ಕ.

"ಒಂದು ಮಾತು ತಂಗೀ, ಈ ಸಲ ನಿಮ್ಮ ಬೆಲೆ ಎಷ್ಟಿತ್ತು ಅಂತ ಏನು ಮಾಡಿದ್ರೂ ಗೊತ್ತಾಗ್ಲಿಲ್ಲ."

"ಅದನ್ನೇ ಬರೆದು ಸಹಿ ಹಾಕಿಕೊಡಿ."

ಆ ಕಾಗದ ನೋಡಿ ರೈಂಡರ್ಸರ ಕಣ್ಣು ತುಂಬಿಬಂತು. ಚಹಾ ಕೈಸೇರಿದ್ದರಿಂದ ತೊಮ್ಮಾಳ ಬೋನಸ್ಸೂ ಮಂಜೂರಾಯಿತು. ಆಯ್ಕೆ ಸರಿಯಾಗಿಯೇ ಇತ್ತೆಂದು ಅವಳಿಗೂ ಅನ್ನಿಸಿತು. ವರ್ಷದ ಲೆಕ್ಕ ಹೀಗಿದೆ: ಬಂದ ಚಹಾ ಇನ್ನೂರು ಪೆಟ್ಟಿಗೆ, ಹೆಚ್ಚು ತೆತ್ತದ್ದು ಆರು ಸಾವಿರ ಯೂರೋ, ಸೋರಿದ ಗುಟ್ಟು ಸೊನ್ನೆ. ಮಾಲೀಕರು ಸೊನ್ನೆಯ ಕೆಳಗೆ ಎರಡು ಗೆರೆ ಎಳೆದು, ನಿವ್ವಳ ಲಾಭ ಎಂದು ಬರೆದರು.