ಕಪ್ಪೆ ನುಂಗಿದ್ದು ಯಾರು?

ನಮ್ಮ ಅಕ್ಕೋರಿಗೆ ಪಾಠ ಮಾಡಲು ಬರುತ್ತಿರಲಿಲ್ಲ. ಇದು ನನ್ನ ಮಾತಲ್ಲ, ಹಾಗೆ ಹೇಳಿದರೆ ನನ್ನ ಬಾಯಲ್ಲಿ ಹುಳ ಬಿದ್ದೀತು! ಇದು ನಮ್ಮ ಹೆಡ್ ಮಾಸ್ತರರ ಮಾತು. ವಾರಕ್ಕೆರಡು ಸಲವಾದರೂ ಅವರು ಶಾಲೆಯ ಅಂಗಳದಲ್ಲಿ ನಿಂತು, ಎದುರಿಗಿದ್ದ ತೆಂಗಿನ ಮರಕ್ಕೆ ದೂರು ಹೇಳಿಕೊಳ್ಳುತ್ತಿದ್ದರು: “ಪಠ್ಯಪುಸ್ತಕ ಕೈಯಲ್ಲಿ ಹಿಡಿಯೂದಿಲ್ಲ, ಬರೀ ಕತೆಪುಸ್ತಕ! ಇದು ಸಾಲೆಯೋ, ಆಟದ ಬಯಲೋ?”

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸು ಮಾಸ್ತರು, ಹೆಂಗಸು ಅಕ್ಕೋರು. ಹೆಸರಿನ ಗೊಡವೆ ಯಾರಿಗೂ ಇಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಕುಮಟೆಯ ಕಡಲ ದಂಡೆಯ ನಮ್ಮ ಕೇರಿಗೆ ಈ ಅಕ್ಕೋರು ಹೊಳನಗದ್ದೆಯಿಂದ ನಡೆದು ಬರುತ್ತಿದ್ದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಕಾಯಿಪಲ್ಲೆಯ ಚೀಲ. ಚೀಲದೊಳಗೆ ಬಸಳೆಯಿಲ್ಲ, ಬದನೆಯಿಲ್ಲ, ತುಂಬ ಮಕ್ಕಳ ಕಥೆಪುಸ್ತಕ! ಗೆದ್ದಲು ಪುಸ್ತಕ ತಿನ್ನುತ್ತದೆಂದು ಮನೆಯಲ್ಲಿ ಅವನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು, ಅಕ್ಕಿಯನ್ನು ಪುಸ್ತಕದ ಕಪಾಟಿಗೆ ಸುರಿದಿದ್ದರಂತೆ. ಅವರ ಯಜಮಾನರು ಊಟಕ್ಕೆ ಕೂರುವ ಮೊದಲು “ಇವತ್ತು ಯಾವ ಕತೆ ಬೇಯ್ಸಿದ್ಯೇ?” ಎಂದು ಕೇಳುವುದು ರೂಢಿಯಾಗಿತ್ತು ಎಂದು ಅಕ್ಕೋರೇ ನಗುತ್ತ ಹೇಳುತ್ತಿದ್ದರು.

ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಹೇಳುವ ನಾನು ಆ ಶಾಲೆಯಲ್ಲಿ ಎರಡು ವರ್ಷ ಒಂದೇ ಒಂದು ಮಾತೂ ಆಡಿರಲಿಲ್ಲ ಎಂದರೆ ನಂಬುತ್ತೀರಾ? ನನ್ನ ಗಂಡ ಇವತ್ತಿಗೂ ನಂಬುವುದಿಲ್ಲ. ಮನೆಯಲ್ಲಿ ನಮ್ಮದು ಕೊಂಕಣಿ. ಅಲ್ಲಿ ನನ್ನ ಬಾಯಿಗೆ ಹೆದರಿ ಕಾಗೆಗಳೂ ಒಣಮೀನಿನ ಹತ್ತಿರ ಸುಳಿಯುತ್ತಿರಲಿಲ್ಲ. ಶಾಲೆಯ ಹೊಸ್ತಿಲು ದಾಟಿದರೆ ಮಾತ್ರ ಬಾಯಿಗೆ ಬೀಗ. ಕನ್ನಡ ಕಿವಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮೊದಲಿದ್ದ ಮಾಸ್ತರರು ನನ್ನ ಹೆಸರಿನ ಮುಂದೆ ‘ಮೂಕಿ’ ಎಂದು ಬರೆದು ಒಂದನೇ ಇಯತ್ತೆಯಲ್ಲೇ ಉಳಿಸಿದ್ದರು. ಅಪ್ಪ ಕಡಲಿಗೆ ಹೋಗುವವನು, ಆಯಿ ಬೆಳಗಾದರೆ ಮೀನಿನ ಬುಟ್ಟಿ ಹೊತ್ತು ಕುಮಟೆಯ ಮಾರ್ಕೆಟ್ಟಿಗೆ ಹೋಗುವವಳು. ಇನ್ನೂ ವರ್ಷ ತುಂಬದ ತಮ್ಮ ನನ್ನ ಸೊಂಟದ ಮೇಲೆಯೇ ಶಾಲೆಗೆ ಬರುತ್ತಿದ್ದ. ಆಯಿ ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟಳು: ಈ ವರ್ಷವೂ ಬಾಯಿ ಬಿಡದಿದ್ದರೆ ಶಾಲೆ ಸಾಕು, ಮನೆಯಲ್ಲಿ ಕೂತು ತಮ್ಮನನ್ನು ನೋಡಿಕೋ. ಮನೆಯಲ್ಲಿ ಕೂತರೆ ಅಕ್ಕೋರ ಕಥೆ ಕೇಳುವವರು ಯಾರು?

ಅವರ ಲೆಕ್ಕದ ಪಾಠವನ್ನೇ ನೋಡಿ. ಚೀಲದಿಂದ ಒಂದು ಪುಸ್ತಕ ತೆಗೆದು ಅಜ್ಜಿಯ ಕೋಳಿಗಳ ಕಥೆ ಓದಿದರು. ಅಜ್ಜಿಯ ಹತ್ತಿರ ಹದಿನೇಳು ಕೋಳಿ. ನರಿ ಬಂದು ಒಂಬತ್ತನ್ನು ಹೊತ್ತುಕೊಂಡು ಹೋಯಿತು.

“ಉಳಿದದ್ದು ಎಷ್ಟ್ರೋ?”

“ಒಂದೂ ಇಲ್ಲ ಅಕ್ಕೋರೆ!” ಎಂದ ಹಿಂದಿನ ಸಾಲಿನವನು.

“ಅದೆಂತಕೋ?”

“ನರಿ ಕಂಡ್ರೆ ಉಳಿದದ್ದು ನಿಂತ್ಕಂತದಾ? ಎಲ್ಲ ಹಿತ್ಲು ಹಾರಿ ಓಡಿ ಹೋತು.”

ಬೇರೆಯವರಾಗಿದ್ದರೆ ಬೆನ್ನಿನ ಮೇಲೆ ಎಂಟು ಎಣಿಸಿ ತೋರಿಸುತ್ತಿದ್ದರು. ಅಕ್ಕೋರು ಗಲ್ಲಕ್ಕೆ ಕೈಕೊಟ್ಟು ಯೋಚಿಸಿದರು. ಬೋರ್ಡಿನ ಮೇಲೆ ‘ಎಂಟು’ ಎಂದು ಬರೆದು ಅದರ ಪಕ್ಕದಲ್ಲಿ ‘ಸಂಜೆಗೆ ವಾಪಸು ಬಂದ ಮೇಲೆ’ ಎಂದೂ ಬರೆದರು!

ಇನ್ನೊಂದು ದಿನ ಕಾಡಿನ ಪ್ರಾಣಿಗಳ ಪಾಠ. ಪುಸ್ತಕದಲ್ಲಿ ಹುಲಿ ಗುಹೆಯಲ್ಲಿ ಅಡಗಿತ್ತು ಎಂದು ಬಂತು. ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಮೇಜಿನ ಅಡಿಗೆ ನುಗ್ಗಿಯೇಬಿಟ್ಟರು. ಒಳಗಿನಿಂದ ಅವರು ಘರ್ಜಿಸುವುದಕ್ಕೂ ಹೆಡ್ ಮಾಸ್ತರರು ಹಾಜರಿ ಪುಸ್ತಕ ಕೇಳಲು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಪಾಪ, ಅವರು ಕಾಡಿನ ನಡುವಿನ ಸಂತೆಗುಳಿಯ ಕಡೆಯವರು, ಹುಲಿಯ ಭಯ ರಕ್ತದಲ್ಲೇ ಇತ್ತು. ಕೊಡೆ ಅಲ್ಲೇ ಬಿತ್ತು, ಒಂದು ಚಪ್ಪಲಿಯೂ ಬಿತ್ತು. ಆಮೇಲೆ ಕಿಟಕಿಯ ಹೊರಗಿನಿಂದ “ಅಕ್ಕೋರೆ, ಅದು ನೀವೇ ಹೌದಾ?” ಎಂಬ ಧ್ವನಿ ಕೇಳಿಸಿತು.

ಇವೆಲ್ಲ ಬಿಡಿ, ಬಂಗಡೆಯ ಪ್ರಕರಣ ಕೇಳಿ. ಅಕ್ಕೋರು ಹೊನ್ನಾವರದ ಪೇಟೆಯಿಂದ ಹೊಸ ಪುಸ್ತಕವೊಂದನ್ನು ತಂದಿದ್ದರು. ಅದರಲ್ಲಿ ಒಬ್ಬ ಮೀನುಗಾರ ಊರ ಕೆರೆಗೆ ಬಲೆ ಬೀಸಿ ಬುಟ್ಟಿ ತುಂಬ ಬಂಗಡೆ ಹಿಡಿದ ಎಂದು ಅಚ್ಚಾಗಿತ್ತು. ಕೆರೆಯಲ್ಲಿ ಬಂಗಡೆ! ನಮ್ಮ ಕೇರಿಯ ಮಕ್ಕಳ ಎದುರಿಗೆ! ಇಡೀ ಶಾಲೆ ಎದ್ದು ನಿಂತಿತು. “ಬಂಗಡೆ ಉಪ್ಪುನೀರಿಂದು ಅಕ್ಕೋರೆ!” “ಕೆರೆಲಿ ಅಷ್ಟುದ್ದದ ರಂಪಣಿ ಬಲೆ ಎಳೆಯೂಕೆ ಜಾಗ ಎಲ್ಲದೆ?” “ಇದನ್ನ ಬರೆದೋರು ಮೀನು ತಿಂಬವರೇ ಅಲ್ಲ!” ಅಕ್ಕೋರ ಮನೆಯಲ್ಲೂ ಮೀನು ನಡೆಯುತ್ತಿರಲಿಲ್ಲ. ಆದರೂ ಅವರು ಮಕ್ಕಳ ಮಾತನ್ನು ಪೂರ್ತಿ ಕೇಳಿಸಿಕೊಂಡು, “ಹಂಗಾರೆ ಬರೀರಿ ಕಾಗ್ದ” ಎಂದರು. ಅಂದಿನ ಕನ್ನಡ ಪಾಠ ಅದೇ ಆಯಿತು. ಪುಸ್ತಕ ಅಚ್ಚು ಹಾಕಿದವರಿಗೆ ನಾಲ್ಕನೇ ಇಯತ್ತೆಯವರು ಪತ್ರ ಬರೆದರು, ಸಣ್ಣವರು ಅಡಿಯಲ್ಲಿ ಬಂಗಡೆಯ ಚಿತ್ರ ಬರೆದರು. ನಾನೂ ಬಾಲಕ್ಕೆ ಎರಡು ಗೆರೆ ಎಳೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ, ತಿದ್ದಿ ಹೊಸದಾಗಿ ಅಚ್ಚು ಹಾಕಿದ ಪ್ರತಿಯೊಂದು ಅಂಚೆಯಲ್ಲಿ ಬಂತು! ನಮ್ಮ ಅಹವಾಲು ನಡೆದಿತ್ತು. ಕೆರೆ ಹೋಗಿ ಸಮುದ್ರವಾಗಿತ್ತು. ಚಿತ್ರವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ನಮ್ಮ ಸಮುದ್ರದ ತುಂಬ ಕಮಲದ ಹೂಗಳು ಅರಳಿ ನಿಂತಿದ್ದವು!

ಹೀಗೆ ನಗುತ್ತ ನಗುತ್ತ ವರ್ಷ ಮುಗಿಯುತ್ತ ಬಂತು. ಉಳಿದವರೆಲ್ಲ ನಕ್ಕು ಮಾತಾಡಿದರು, ನಾನು ನಕ್ಕು ಸುಮ್ಮನಿದ್ದೆ. ಅಕ್ಕೋರು ನನ್ನನ್ನು ಒಮ್ಮೆಯೂ ಗದರಲಿಲ್ಲ. ಪ್ರತಿ ಕಥೆ ಮುಗಿದ ಮೇಲೂ ನನ್ನ ಮುಂದೆ ಕೂತು “ನೀ ಎಂತ ಹೇಳ್ತೆ?” ಎಂದು ಕೇಳಿ, ಸ್ವಲ್ಪ ಹೊತ್ತು ಕಾದು, “ಆತು, ನಾಳೆ ಹೇಳು” ಎಂದು ಏಳುತ್ತಿದ್ದರು. ಇಂಥ ನಾಳೆಗಳು ಎಷ್ಟು ಬಂದು ಹೋದವೋ! ಪರೀಕ್ಷೆಗೆ ಇನ್ನು ಹದಿನೈದೇ ದಿನ ಇರುವಾಗ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು.

ಅವರು ಬರುವ ದಿನ ಬೆಳಿಗ್ಗೆ ಹೆಡ್ ಮಾಸ್ತರರು ಕೈಮುಗಿಯುವುದೊಂದು ಬಾಕಿ. “ಅಕ್ಕೋರೆ, ಇವತ್ತೊಂದಿನ ಆ ಚೀಲ ಸಾಹೇಬ್ರ ಕಣ್ಣಿಗೆ ಬೀಳೂದು ಬೇಡ.”

“ಆತು” ಎಂದರು ಅಕ್ಕೋರು. ಚೀಲವನ್ನು ಮೂಲೆಗೆ ಸರಿಸಿ, ಅದರ ಮೇಲೆ ಒಂದು ಚಾದರ ಹಾಸಿ, ಚಾದರದ ಮೇಲೆ ನನ್ನ ತಮ್ಮನನ್ನು ಕೂರಿಸಿದರು. ಅದಕ್ಕಿಂತ ಭದ್ರವಾದ ಕಾವಲು ಬೇರೆ ಉಂಟೇ ಎಂದು ಅವರು ತಿಳಿದಿದ್ದರು.

ಸಾಹೇಬರು ಧಾರವಾಡದ ಕಡೆಯವರು, ದೊಡ್ಡ ಮೀಸೆ, ಕೋಟು. ಮಧ್ಯಾಹ್ನದ ಮೇಲೆ ಬಂದು ಕುರ್ಚಿಯಲ್ಲಿ ಕೂತರೋ ಇಲ್ಲವೋ, ನನ್ನ ತಮ್ಮ ಚಾದರದ ಅಡಿಗೆ ಕೈಹಾಕಿ ಒಂದು ಪುಸ್ತಕ ಎಳೆದುಕೊಂಡ. ಅದನ್ನು ಬಾಯಲ್ಲಿ ಕಚ್ಚಿಕೊಂಡು ಅಂಬೆಗಾಲಿಡುತ್ತ ಹೋಗಿ ಸಾಹೇಬರ ಬೂಟಿನ ಮೇಲೆ ಇಟ್ಟ! ಹೆಡ್ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಪುಸ್ತಕವನ್ನೆತ್ತಿ, ಜೊಲ್ಲು ಒರೆಸಿ, ಪುಟ ಮಗುಚಿದರು. ಅದು ಹಾವು ಮತ್ತು ಕಪ್ಪೆಯ ಕಥೆ.

ಆ ಕಥೆಯೆಂದರೆ ನನಗೆ ಪಂಚಪ್ರಾಣ. ಯಾಕೆ ಗೊತ್ತೇ? ನಮ್ಮ ಕೊಂಕಣಿಯಲ್ಲಿ ‘ಹಾಂವ್’ ಎಂದರೆ ‘ನಾನು’. ಅಕ್ಕೋರು “ಹಾವು ಹಸಿದಿತ್ತು” ಎಂದು ಓದಿದಾಗೆಲ್ಲ ನಾನು ಪುಳಕಗೊಳ್ಳುತ್ತಿದ್ದೆ. ಹೌದಲ್ಲ, ನನಗೆ ಹನ್ನೊಂದು ಗಂಟೆಗೇ ಹಸಿವೆ! “ಹಾವು ಕೆರೆಯ ದಂಡೆಗೆ ಬಂತು.” ಬಂದಿದ್ದೆ, ಬಟ್ಟೆ ತೊಳೆಯಲು. “ಹಾವು ಕಪ್ಪೆಯನ್ನು ನುಂಗಿತು.” ಇದೊಂದು ಮಾತ್ರ ನೆನಪಿರಲಿಲ್ಲ. ಆದರೆ ಪುಸ್ತಕದಲ್ಲಿ ಅಚ್ಚಾಗಿದೆಯೆಂದ ಮೇಲೆ ಸುಳ್ಳಿರುತ್ತದೆಯೇ? ಚಿತ್ರದಲ್ಲಿ ನನ್ನ ಬದಲು ಸುರುಳಿ ಸುತ್ತಿಕೊಂಡ ಜಂತುವೊಂದಿತ್ತು ನಿಜ. ಚಿತ್ರ ಬರೆಯುವವರ ಹಣೆಬರಹ ಕಮಲದ ಹೂವಿನಲ್ಲೇ ಗೊತ್ತಾಗಿತ್ತಲ್ಲ!

ಸಾಹೇಬರು ಕಥೆಯನ್ನು ಗಟ್ಟಿಯಾಗಿ ಓದಿ, ತಮ್ಮನನ್ನು ಎತ್ತಿಕೊಳ್ಳಲು ಹತ್ತಿರ ಬಂದಿದ್ದ ನನ್ನನ್ನೇ ಕೇಳಿದರು: “ಹೇಳವಾ ತಂಗಿ, ಕಪ್ಪಿ ನುಂಗಿದವರು ಯಾರು?”

“ಸಾಹೇಬ್ರೆ, ಅದಕ್ಕೆ ಮಾತು ಬರೂದಿಲ್ಲ...” ಎಂದು ಹೆಡ್ ಮಾಸ್ತರರು ಶುರುಮಾಡಿದರು. ಅಷ್ಟರಲ್ಲಿ ನಾನು ಎದೆಯ ಮೇಲೆ ಕೈಯಿಟ್ಟು, ಎರಡು ವರ್ಷದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ:

“ಹಾಂವ್!”

“ಶಾಬಾಸ್!” ಎಂದರು ಸಾಹೇಬರು. ಕ್ಲಾಸಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ಸಾಹೇಬರು ಹುಬ್ಬೇರಿಸಿ, ನಾನು ಎದೆಯ ಮೇಲಿಟ್ಟ ಕೈಯನ್ನು ನೋಡಿದರು. ಅಕ್ಕೋರು ವಿಷಯ ವಿವರಿಸಿದರು.

“ಹಂಗಾರ ಉತ್ತರ ಸರೀನೋ ತಪ್ಪೋ, ಅಕ್ಕಾರ?”

“ಕನ್ನಡದಲ್ಲಿ ಸರಿ ಸಾಹೇಬ್ರೆ. ಕೊಂಕಣಿಲಿ ಇನ್ನೂ ಸರಿ.”

ಸಾಹೇಬರ ಮೀಸೆ ಅಲುಗಾಡಿತು. ಆಮೇಲೆ ಅವರೂ ನಕ್ಕರು. ನನ್ನನ್ನು ಎರಡನೇ ಇಯತ್ತೆಗೆ ಹಾಕಿ ಎಂದು ಅಲ್ಲೇ ಹೇಳಿದರು. ಅಕ್ಕೋರು ಮುಂದಿನದನ್ನು ಕೇಳಲು ನಿಲ್ಲಲೇ ಇಲ್ಲ. ಇನ್‌ಸ್ಪೆಕ್ಟರರನ್ನು ಕುರ್ಚಿಯಲ್ಲೇ ಬಿಟ್ಟು, ತಮ್ಮನನ್ನು ಎತ್ತಿಕೊಂಡಿದ್ದ ನನ್ನ ಕೈ ಹಿಡಿದು ದಂಡೆಯ ಕಡೆಗೆ ಓಡಿದರು. ಅಂಥ ಅಕ್ಕೋರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆಯಿ ಮಾರ್ಕೆಟ್ಟಿನಿಂದ ಬಂದು ಉಳಿದ ಮೀನನ್ನು ಮರಳಿನ ಮೇಲೆ ಒಣಗಲು ಹರವುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಿಂದ ಎದ್ದಳು. “ಎಂತ ಆತು ಅಕ್ಕೋರೆ? ಬಿದ್ಲಾ?”

“ಮಾತಾಡ್ದಳು!”

“ಎಂತ ಹೇಳಿದ್ಲು?”

“ಹಾಂವ್!”

“ನೀವಾ?”

“ನಾನಲ್ಲ ಮಾರಾಯ್ತಿ, ನಿನ್ನ ಮಗಳು! ಸಾಹೇಬ್ರ ಎದುರಿಗೆ ಎದ್ದು ನಿಂತು ‘ಹಾಂವ್’ ಅಂದ್ಳು. ಪಾಸಾದಳು!”

ಆಯಿ ನಗುತ್ತಾಳೆಂದು ನಾನು ಕಾದೆ. ಅವಳು ನಗಲಿಲ್ಲ. ಸೀರೆಗೆ ಕೈ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದಳು: “ಅದು ನಮ್ಮ ಮನೆ ಮಾತು ಅಲ್ದಾ ಅಕ್ಕೋರೆ? ಸಾಲೆಲಿ ನಡೀತದಾ?”

ಆಯಿ ಮರಳಿನ ಮೇಲಿನ ಮೀನನ್ನೇ ನೋಡುತ್ತ ಮುಂದುವರಿಸಿದಳು:

“ನಾನೂ ನಾಕು ದಿವ್ಸ ಸಾಲೆಗೆ ಹೋಗಿದ್ದೆ. ಹಿಂಗೇ ಮನೆ ಮಾತು ಬಾಯಿಗೆ ಬಂತು. ಮಾಸ್ತರು ಹೊಡೆದ್ರು. ಮತ್ತೆ ಹೋಗ್ಲಿಲ್ಲ.”

ಆಯಿ ಶಾಲೆಗೆ ಹೋಗಿದ್ದಳೆಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅಕ್ಕೋರು ಆ ಮೀನಿನ ನಡುವೆ ಮರಳಿನ ಮೇಲೆ ಕೂತುಬಿಟ್ಟರು. ಆಯಿಯ ಕೈಯನ್ನು, ಮೀನಿನ ಹುರುಪೆ ಅಂಟಿದ್ದ ಆ ಕೈಯನ್ನು, ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ನಡೀತದೆ” ಎಂದರು. “ನಾ ಇರೂ ತನಕ ನಡೀತದೆ.”

ಆಯಿ ನನ್ನ ಸೊಂಟದ ಮೇಲಿದ್ದ ತಮ್ಮನನ್ನು ಎತ್ತಿ ತನ್ನ ಸೊಂಟಕ್ಕೆ ಏರಿಸಿಕೊಂಡಳು. ಮಾರನೆಯ ದಿನ ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ಅವನನ್ನು ಹೊತ್ತು ಅವಳು ಕುಮಟೆಯ ದಾರಿ ಹಿಡಿದಳು. ನಾನು ಎರಡೂ ಕೈ ಬೀಸಿಕೊಂಡು ಶಾಲೆಗೆ ಹೋದೆ.