ನನ್ನ ಸೆಡಾನು ಮತ್ತು ನಿದ್ದೆಹೋದ ಸಾಕ್ಷಿಗಳು

ಗಾಡಿ ಕೊಂಡವನಿಗೆ ಪೆಟ್ರೋಲಿಗಿಂತ ಹೆಚ್ಚಾಗಿ ಬೇಕಾಗುವುದು ಇನ್ನೊಬ್ಬರ ಬಾಯಿಂದ ಬರುವ ಒಂದು ಒಳ್ಳೆಯ ಮಾತು. ಇದನ್ನು ಮಾರುವವರು ಯಾರೂ ಮೊದಲೇ ಹೇಳುವುದಿಲ್ಲ. ಮೈಲೇಜು ಹೇಳುತ್ತಾರೆ, ಟೈರಿಗೆ ಎಷ್ಟು ಗಾಳಿ ತುಂಬಬೇಕೆಂದು ಹೇಳುತ್ತಾರೆ. ಆದರೆ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಏನೋ ಕೆಲಸವಿರುವವರ ಹಾಗೆ ನಾವು ಅದರ ಪಕ್ಕದಲ್ಲೇ ಸುಳಿದಾಡುತ್ತಿರುವಾಗ, ಹಾದುಹೋಗುವವರು ಏನೂ ಅನ್ನದೆ ಹೋದರೆ ಎದೆಯೊಳಗೆ ಆಗುವ ಸಂಕಟಕ್ಕೆ ಏನು ಮಾಡಬೇಕೆಂದು ಯಾವ ಕಂಪನಿಯವರೂ ಬರೆದುಕೊಡುವುದಿಲ್ಲ. ಆ ಸಂಕಟವನ್ನು ನಾನು ಒಂದು ವರ್ಷ ಅನುಭವಿಸಿದ್ದೇನೆ.

ಮಹಾರಾಷ್ಟ್ರದ ಗಡಿಯೊಳಗಿನ ಜತ್ತಿನ ಪೇಟೆಯಲ್ಲಿ ನನ್ನದು ಪೈಪು, ಪಂಪುಗಳ ಅಂಗಡಿ. ಬಹಳ ವರ್ಷ ಒಂದು ಜೀಪು ಓಡಿಸಿದೆ. ಅದರ ಬಾಗಿಲು ಮುಚ್ಚುವುದಕ್ಕೆ ಒಳಗಿನಿಂದ ಒಬ್ಬರು ಎಳೆಯಬೇಕು, ಹೊರಗಿನಿಂದ ಒಬ್ಬರು ಒದೆಯಬೇಕು. ಅವ್ವನ ಸೊಂಟ ನೋಯತೊಡಗಿದ ಮೇಲೆ, ಮೆತ್ತನೆಯ ಗಾಡಿ ತರೋಣ ಎಂದುಕೊಂಡೆ. ಪುಣೆಯ ಡಾಕ್ಟರರೊಬ್ಬರು ತಮ್ಮ ದೊಡ್ಡ ಸೆಡಾನು ಮಾರುತ್ತಿದ್ದರು. ಚರ್ಮದ ಸೀಟು, ನಾಲ್ಕೂ ಗಾಲಿಗೆ ಇಂಜಿನ್ನಿನ ಶಕ್ತಿ. ಇಂಥ ಗಾಡಿ ಇಟ್ಟುಕೊಂಡವರು ಮೊಬೈಲಿನಲ್ಲಿ ಉದ್ದುದ್ದ ಅಭಿಪ್ರಾಯ ಬರೆಯುತ್ತಾರೆಂದು ಆಗ ತಿಳಿಯಿತು. ಒಬ್ಬರು ಘಟ್ಟದ ತಿರುವಿನಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡೇ ಹೋಗುತ್ತದೆ ಎಂದಿದ್ದರು. ಇನ್ನೊಬ್ಬರ ಕೈಯಲ್ಲಿದ್ದ ತುಂಬಿದ ಚಹಾದ ಕಪ್ಪು ಹೆದ್ದಾರಿಯ ಉದ್ದಕ್ಕೂ ತುಳುಕಿರಲಿಲ್ಲವಂತೆ. ಅವನ್ನು ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡೇ ಓದಿದೆ. ನಮ್ಮ ಕಡೆ ಘಟ್ಟವೂ ಇಲ್ಲ, ಗಾಡಿಯೊಳಗೆ ಕಪ್ಪಿನಲ್ಲಿ ಚಹಾ ಕುಡಿಯುವವರೂ ಇಲ್ಲ ಎಂಬುದು ಗಾಡಿ ತಂದು ನಿಲ್ಲಿಸಿದ ಮೇಲೆ ಹೊಳೆಯಿತು.

ಮೊದಲ ಅಭಿಪ್ರಾಯ ಅವ್ವನದೇ. ಅವಳಿಗೋಸ್ಕರವೇ ತಂದದ್ದು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅವ್ವ ಬಾಗಿಲು ಹಿಡಿದು ಒಳಗೆ ಕೂತಳು. ಕೂತಳು ಅನ್ನುವುದಕ್ಕಿಂತ ಇಳಿದಳು. ಎರಡು ಸಲ ಏಳಲು ನೋಡಿದಳು. ಆಮೇಲೆ, "ತಮ್ಮಾ, ತೆಗ್ಗಿನಾಗ ಬಿದ್ದಂಗ ಆತಲ್ಲೋ. ಎಬ್ಬಸ ನನ್ನ" ಎಂದಳು. ನಾನೂ ನನ್ನ ಹೆಂಡತಿ ಸುನಂದಾಳೂ ಎರಡು ಕೈ ಹಿಡಿದು ಎಬ್ಬಿಸಿದೆವು. ಅಂದಿನಿಂದ ಅವ್ವ ಎಲ್ಲಿಗೆ ಹೋಗಬೇಕಾದರೂ ಎಸ್‌ಟಿ ಬಸ್ಸೇ. "ಬಸ್ಸಿನಾಗ ನಾಕ ಮಂದಿ ಸಿಗತಾರ, ನಾಕ ಮಾತ ಆಗತಾವ. ಇದರಾಗೇನೈತಿ? ನಿನ್ನ ಹೆಡಕ ನೋಡ್ಕೋತ ಕುಂದರಬೇಕು" ಎನ್ನುವುದು ಅವಳ ವಾದ. ನನ್ನ ಕುತ್ತಿಗೆಯ ಹಿಂಭಾಗದಲ್ಲಿ ನೋಡುವಂಥದ್ದೇನೂ ಇಲ್ಲ, ನಿಜ.

ಸುನಂದಾಳ ತಕರಾರು ಬೇರೆ. ಗಾಡಿಯೊಳಗೆ ಸದ್ದೇ ಇಲ್ಲ ಎಂಬುದೇ ಅವಳಿಗೆ ಆಗಿಬಾರದ ಸಂಗತಿ. ಜೀಪಿನಲ್ಲಿ ಅವಳು ನನ್ನನ್ನು ಬೈದರೆ ನನಗೆ ಕೇಳುತ್ತಿರಲಿಲ್ಲ. ನಾನು ಗೊಣಗಿದರೆ ಅವಳಿಗೆ ಕೇಳುತ್ತಿರಲಿಲ್ಲ. ಇಬ್ಬರೂ ಮನಸ್ಸು ಹಗುರ ಮಾಡಿಕೊಂಡು ಊರು ಸೇರುತ್ತಿದ್ದೆವು. ಹೊಸ ಗಾಡಿಯಲ್ಲಿ ಮೊದಲ ಸಲ ಬಿಳೂರಿಗೆ ಹೋಗುವಾಗ, ಅವಳ ತವರಿನ ಬಗ್ಗೆ ಹಳೆಯ ರೂಢಿಯಂತೆ ಏನೋ ಮೆಲ್ಲಗೆ ಅಂದುಕೊಂಡೆ. "ಏನಂದ್ರಿ? ಇನ್ನೊಮ್ಮೆ ಅನ್ರಿ ನೋಡೂಣು" ಎಂದಳು. ಆ ದಿನ ಬಿಳೂರಿನ ತನಕ ಗಾಡಿಯ ನಿಶ್ಶಬ್ದ ಎಷ್ಟು ಉತ್ತಮ ದರ್ಜೆಯದೆಂದು ನನಗೆ ಪೂರ್ತಿ ಗೊತ್ತಾಯಿತು.

ಅಭಿಪ್ರಾಯ ಹೇಳಲು ಉಳಿದವನು ದಸ್ತಗೀರ. ಶಾಲೆಯಿಂದಲೂ ನನ್ನ ಗೆಳೆಯ, ನಮ್ಮ ಅಂಗಡಿಯ ಎದುರಿಗೇ ಅವನ ಗಾದಿ ಅಂಗಡಿ. ಹತ್ತಿ ತುಂಬಿ ಗಾದಿ, ತಲೆದಿಂಬು ಹೊಲಿಸಿ ಮಾರುವವನಾದ್ದರಿಂದ ಮೆತ್ತಗಿರುವುದರ ಬಗ್ಗೆ ಅವನ ಮಾತೇ ಕೊನೆಯ ಮಾತು ಎಂದು ಅವನೇ ತಿಳಿದುಕೊಂಡಿದ್ದಾನೆ. ನನ್ನ ಸೀಟನ್ನು ಅಂಗೈಯಿಂದ ಒತ್ತಿ, ಮುಷ್ಟಿಯಿಂದ ಗುದ್ದಿ, ಕಡೆಗೆ ಮೂಸಿಯೂ ನೋಡಿದ. "ಹತ್ತಿ ಇಲ್ಲೋ ದೋಸ್ತ ಇದರಾಗ. ಹತ್ತಿ ಇಲ್ಲದ್ದು ಗಾದಿ ಅಲ್ಲ" ಎಂದ. ಇದು ಗಾದಿಯಲ್ಲ, ಸೀಟು ಎಂದೆ. "ಅದನ್ನ ನಾನೂ ಅಂದೆ" ಎಂದ. ನಾಲ್ಕೂ ಗಾಲಿಯ ವಿಷಯ ತೆಗೆದರೆ, "ಎಲ್ಲಾ ಗಾಡಿಗೂ ನಾಕ ಗಾಲಿನ ಇರತಾವ, ಮಲ್ಲಣ್ಣ. ನೀ ಹೊಸಾದೇನ ತಂದಿ?" ಎಂದು ಚಹಾದಂಗಡಿಯಲ್ಲಿ ಎಲ್ಲರ ಎದುರಿಗೆ ಕೇಳಿದ. ನಾಲ್ಕನ್ನೂ ಇಂಜಿನ್ನೇ ತಿರುಗಿಸುತ್ತದೆ, ಕೆಸರು ರಾಡಿಯಲ್ಲಿ ಜಾರುವುದಿಲ್ಲ ಎಂದು ಬಿಸ್ಕೀಟು ಮುರಿದಿಟ್ಟು ತಿಳಿಸಿಕೊಟ್ಟೆ. ಅವನು ಎರಡು ಗಾಲಿ ತಿಂದುಬಿಟ್ಟ. "ರಾಡ್ಯಾಗ ದಾಟಿಸಿ ತೋರಸು. ಇಲ್ಲೇ ನಿಂತು, ಎಲ್ಲಾರ ಮುಂದ, ಗಾಡಿ ಚಲೋ ಐತಿ ಅಂತ ಒದರತೀನಿ" ಎಂದ. ಮಳೆಯೇ ಅಪರೂಪವಾದ ಜತ್ತ ಸೀಮೆಯಲ್ಲಿ ರಾಡಿಗಾಗಿ ಕಾಯುವುದೆಂದರೆ ತಮಾಷೆಯಲ್ಲ. ನಾನು ಕಾದೆ.

ಈ ಸಲ ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಅದೇ ಹೊತ್ತಿಗೆ ಬಾಲಗಾಂವದಿಂದ ಫೋನು ಬಂತು. ಅಲ್ಲಿ ಹೊಲದ ನಡುವಿನ ಒಂಟಿ ಮನೆ, ಅಂದರೆ ವಸ್ತಿಯಲ್ಲಿ ಅವ್ವನ ತಂಗಿ, ನಮ್ಮ ಮೌಶಿ ಇರುತ್ತಾಳೆ. ಎರಡು ಕಣ್ಣಿಗೂ ಪೊರೆ ಬಂದು, ಬಹಳ ವರ್ಷದಿಂದ ಎದುರಿಗೆ ಬಂದವರನ್ನು ದನಿಯಿಂದಲೇ ಗುರುತಿಸುತ್ತಿದ್ದಳು. ಒಂದು ಕಣ್ಣಿನ ಆಪರೇಷನ್ ಮೊದಲೇ ಆಗಿ ಕೆಟ್ಟಿತ್ತು. ಉಳಿದ ಕಣ್ಣಿನದು ಈಗ ಆಗಿ, ಪಟ್ಟಿ ಬಿಚ್ಚಿದ್ದರು. ಫೋನು ಮಾಡಿದವಳು ಅವಳ ಸೊಸೆ. "ಅಣ್ಣಾರ, ಅತ್ತಿ ಕರಿ ಚಸ್ಮಾ ಹಾಕ್ಕೊಂಡು ಕಣ್ಣ ಮುಚಗೊಂಡ ಕುಂತಾರ್ರಿ. ತೆಗೀರಿ ಅಂದ್ರ ತೆಗಿಯವಲ್ರು. ಮೊದಲ ಅಕ್ಕನ್ನ ನೋಡತೀನಿ, ಆಮ್ಯಾಲ ನಿಮ್ಮನ್ನೆಲ್ಲಾ ನೋಡತೀನಿ ಅಂತಾರ್ರಿ. ಮೊಮ್ಮಗಳು ಮುಂದ ನಿಂತರೂ ನೋಡವಲ್ರು. ದೊಡ್ಡವ್ವನ್ನ ಲಗೂನ ಕರಕೊಂಡ ಬರ್ರಿ."

ಅವ್ವ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹುಚ್ಚಿ. ಸಣ್ಣಾಕಿ ಇದ್ದಾಗಿಂದ ಹಿಂಗ ಅದಾಳ" ಎಂದಳು. ಸೀರೆ ಬದಲಿಸಿ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟೂಬಿಟ್ಟಳು. ಬಸ್ಸು ಡಾಂಬರು ರಸ್ತೆಯಲ್ಲೇ ಇಳಿಸುತ್ತದೆ, ಅಲ್ಲಿಂದ ವಸ್ತಿಯ ತನಕ ಎರೆಮಣ್ಣಿನ ದಾರಿ, ಈ ಸೊಂಟದಲ್ಲಿ ನಡೆಯಲಾಗದು ಎಂದೆ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಅಂಗಳದಲ್ಲಿದ್ದ ಗಾಡಿಯನ್ನು ನೋಡಿದಳು. ತಂಗಿಗೋಸ್ಕರ ಮನುಷ್ಯರು ಏನೆಲ್ಲ ಸಹಿಸುತ್ತಾರೆ ಎಂಬುದು ಆ ನೋಟದಲ್ಲಿತ್ತು. "ನಡೀಪಾ" ಎಂದಳು.

ನಾನು ದಸ್ತಗೀರನನ್ನೂ ಕರೆದೆ. ಅವನು ಮೌಶಿಗೆಂದು ಹತ್ತಿಯ ತಲೆದಿಂಬೊಂದನ್ನು ಬಗಲಲ್ಲಿ ಹಿಡಿದು ಬಂದು ನನ್ನ ಪಕ್ಕ ಕೂತ. ಅವ್ವನೂ ಸುನಂದಾಳೂ ಹಿಂದೆ. "ಅವ್ವಾರ, ಹಗ್ಗ ಇಟಗೊಂಡೀರಿಲ್ಲ? ಗಾಡಿ ಜಗ್ಗಾಕ ಬೇಕಾಗತೈತ್ರಿ" ಎಂದು ಅವನು ತಮಾಷೆ ಮಾಡಿದ. ಅವ್ವ ನಗಲಿಲ್ಲ, ದೇವರ ಹೆಸರು ಹೇಳುತ್ತಿದ್ದಳು. ನನಗೆ ಒಳಗೊಳಗೇ ಹಿಗ್ಗು. ಮೂವರು ವಿರೋಧಿಗಳು ಒಂದೇ ಗಾಡಿಯಲ್ಲಿ, ಎದುರಿಗೆ ಭರ್ತಿ ರಾಡಿ!

ಜತ್ತ ದಾಟುವಷ್ಟರಲ್ಲಿ ದಸ್ತಗೀರ ಮೌಶಿಯ ತಲೆದಿಂಬನ್ನೇ ಕಿಟಕಿಗೆ ಒತ್ತಿಕೊಂಡು ಗೊರಕೆ ಹೊಡೆಯತೊಡಗಿದ. ರಾತ್ರಿಯಿಡೀ ಗಾದಿ ಹೊಲಿಸುವ ಮದುವೆ ಸುಗ್ಗಿಯಲ್ಲದಿದ್ದರೂ ಅವನಿಗೆ ಎಲ್ಲಿ ಕೂತರೂ ನಿದ್ದೆ, ಅದು ಗಾದಿ ಅಂಗಡಿಯವರ ಕಾಯಿಲೆ. ನಾನು ಚಿಂತಿಸಲಿಲ್ಲ, ಇನ್ನಿಬ್ಬರಿದ್ದರು. ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದರೆ ಸುನಂದಾ ಬಾಯಿ ತೆರೆದುಕೊಂಡು ಅವ್ವನ ಭುಜಕ್ಕೆ ಒರಗಿದ್ದಳು. ಅವ್ವನ ತುಟಿ ಅಲ್ಲಾಡುತ್ತಿತ್ತು, ಆಮೇಲೆ ನಿಧಾನವಾಯಿತು, ನಿಂತಿತು. ಸೊಂಟದ ನೋವಿಗೆ ವರ್ಷದಿಂದ ಸರಿಯಾಗಿ ನಿದ್ದೆಯಿಲ್ಲದ ನನ್ನ ಅವ್ವ, ತೆಗ್ಗು ಎಂದು ಹೆಸರಿಟ್ಟ ಆ ಸೀಟಿನಲ್ಲಿ ಮಗುವಿನ ಹಾಗೆ ಮಲಗಿದ್ದಳು. ಎಬ್ಬಿಸುವ ಮನಸ್ಸಾಗಲಿಲ್ಲ. ಮುಂದೆ ದಾರಿ ಬಂದಾಗ ತಾವೇ ಏಳುತ್ತಾರೆ ಎಂದುಕೊಂಡೆ.

ಡಾಂಬರು ಬಿಟ್ಟು ಇಳಿದೆ. ಎರೆಮಣ್ಣು ಹದವಾಗಿ ನೆನೆದು ಎಣ್ಣೆ ಸವರಿದ ಹಾಗೆ ಮಿನುಗುತ್ತಿತ್ತು. ನಾಲ್ಕು ಮಾರು ಹೋಗುವುದರೊಳಗೆ ಹಿಂಭಾಗ ಒಂದು ಕಡೆ, ಮುಂಭಾಗ ಒಂದು ಕಡೆ. ಎಡಕ್ಕೆ ಸಜ್ಜೆಯ ಹೊಲ, ಬಲಕ್ಕೆ ನೀರು ತುಂಬಿದ ತಗ್ಗು. ಅವ್ವನನ್ನು ಕೂರಿಸಿಕೊಂಡು ತಗ್ಗಿಗೆ ಬಿದ್ದರೆ ಮೌಶಿ ಜನ್ಮಪೂರ್ತಿ ಕಣ್ಣು ತೆರೆಯಲಾರಳು ಎನ್ನಿಸಿತು. ಕಾಲು ಹಗುರ ಮಾಡಿ, ಸ್ಟೇರಿಂಗನ್ನು ಜಾರುವ ಕಡೆಗೇ ಮೆಲ್ಲಗೆ ಬಿಟ್ಟೆ. ಆಗ ನೋಡಿ, ಕೆಳಗೆ ಏನೋ ಗುರ್ ಎಂದು ನಾಲ್ಕೂ ಗಾಲಿಗಳು ನೆಲ ಕಚ್ಚಿದವು. ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿದ್ದ ಗಾಡಿ ನೆಟ್ಟಗಾಯಿತು. ಮುಂದೆ ಹಳ್ಳ, ಅದರಲ್ಲೂ ಇಳಿದು ಏರಿತು. "ಏ ದಸ್ತಗೀರ, ನೋಡೋ!" ಎಂದು ಕೂಗಿದೆ. ಅವನು ತಲೆದಿಂಬಿನ ಮಗ್ಗುಲು ಬದಲಿಸಿದ. ನನ್ನ ಬಾಳಿನ ಅತ್ಯುತ್ತಮ ಡ್ರೈವಿಂಗನ್ನು ನೋಡಿದ್ದು ಬದುವಿನ ಮೇಲೆ ನಿಂತಿದ್ದ ಮಾಡಗ್ಯಾಳ ತಳಿಯ ಒಂದಿಷ್ಟು ಕುರಿಗಳು. ಅವು ತಮ್ಮ ಬಾಗಿದ ಮೂಗನ್ನು ಎತ್ತಿ ನೋಡಿ ಮತ್ತೆ ಮೇಯತೊಡಗಿದವು.

ವಸ್ತಿಯ ಮುಂದೆ ಗಾಡಿ ನಿಂತಾಗ ಅವ್ವ ಎಚ್ಚೆತ್ತಳು. "ಬಂತೇನ? ಏನ ಚಲೋ ರಸ್ತೆ ಮಾಡ್ಯಾರೋ ತಮ್ಮಾ! ಒಂದ ಕುಲಕ ಇಲ್ಲ" ಎಂದಳು. ಸುನಂದಾ ಕಣ್ಣುಜ್ಜಿಕೊಂಡು, "ಹೂಂ ಅತ್ತಿ, ಇಲೆಕ್ಷನ್ ಬಂದಿರಬೇಕು" ಎಂದಳು. ದಸ್ತಗೀರ ಕೆಳಗಿಳಿದು, ಛಾವಣಿಯ ತನಕ ಎರಚಿದ ರಾಡಿಯನ್ನು ನೋಡಿ, "ಅಲ್ಲೋ, ಇಷ್ಟ ಚಂದ ರಸ್ತೆ ಇದ್ದಾಗ ನೀ ಹೊಲದಾಗ ಯಾಕ ಹೊಡದಿ?" ಎಂದ.

ಅಷ್ಟರಲ್ಲಿ ಅವ್ವ ಒಳಗೆ ಹೋಗಿದ್ದಳು. ಮೌಶಿ ಕಂಬಕ್ಕೆ ಒರಗಿ, ಕರಿ ಚಸ್ಮಾ ಹಾಕಿಕೊಂಡು, ಮುಖ ಬಿಗಿದು ಕೂತಿದ್ದಳು. "ಬಂದೀನಿ, ತೆಗೀ" ಎಂದಳು ಅವ್ವ. ಮೌಶಿ ಚಸ್ಮಾ ತೆಗೆದು, ನಿಧಾನಕ್ಕೆ ಕಣ್ಣು ಬಿಟ್ಟಳು. ಅವಳು ಅವ್ವನ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದಳು. "ಅಯ್ಯ ಅಕ್ಕಾ, ಎಷ್ಟ ಮುದಿಕಿ ಆಗೀಯ!" ಎಂದಳು.

"ನೀ ಏನ ಹುಡುಗಿ ಉಳದೀಯೇನ? ಕನ್ನಡಿ ನೋಡ್ಕೊ ಹೋಗು" ಎಂದಳು ಅವ್ವ. ಆಮೇಲೆ ಇಬ್ಬರೂ ಒಬ್ಬರ ಗಲ್ಲ ಒಬ್ಬರು ಹಿಡಿದುಕೊಂಡು ಅಳುತ್ತ ನಗತೊಡಗಿದರು. ಸುನಂದಾ ಅತ್ತಳು. ದಸ್ತಗೀರ ಗೋಡೆಯ ಕಡೆ ತಿರುಗಿ ಮೂಗು ಸೀಟಿದ. ನನಗೂ ಕಣ್ಣು ತುಂಬಿ, ಗಾಡಿ, ಗಾಲಿ, ರಾಡಿ ಎಲ್ಲ ಮರೆತುಹೋಯಿತು. ಮರೆತದ್ದು ಊಟದ ತನಕ.

ಊಟವಾದ ಮೇಲೆ ಅವ್ವ, ತಂಗಿ ತನ್ನ ಜೊತೆ ಜತ್ತಿಗೆ ಬರಬೇಕೆಂದು ಹಟ ಹಿಡಿದಳು. ಮೌಶಿ ಒಪ್ಪಿದಳು. ನನ್ನ ಆಸೆ ಚಿಗುರಿತು. ಹೊಸದಾಗಿ ಕಣ್ಣು ಬಂದವಳು, ಲೋಕವನ್ನೆಲ್ಲ ನೋಡುವ ಉಮೇದಿನಲ್ಲಿರುವವಳು, ನಿದ್ದೆ ಮಾಡುವ ಮಾತೇ ಇಲ್ಲ! ದಸ್ತಗೀರನನ್ನು ಹಿಂದಕ್ಕೆ ತಳ್ಳಿ ಮೌಶಿಯನ್ನು ನನ್ನ ಪಕ್ಕದಲ್ಲೇ ಕೂರಿಸಿದೆ. ಹಿಂದಿನ ಮೂವರೂ ಗಾಡಿ ಹೊರಡುವುದರೊಳಗೆ ಮಲಗಿದರು, ಮಲಗಲಿ. ಮೌಶಿ ಮಾತ್ರ ಕಣ್ಣು ಪಿಳುಕಿಸದೆ ಕೂತಿದ್ದಳು. ನಾನು ಹಳ್ಳ ಇಳಿಸಿದೆ, ಏರಿಸಿದೆ, ತಗ್ಗಿನ ಅಂಚಿನಲ್ಲಿ ಜಾರುವುದನ್ನು ತಡೆದು ನೆಟ್ಟಗೆ ಮಾಡಿದೆ. ಬೆಳಿಗ್ಗೆಗಿಂತ ಚೆನ್ನಾಗಿಯೇ ಓಡಿಸಿದೆ. ಡಾಂಬರು ಮುಟ್ಟಿದ ಮೇಲೆ ಬೆವರೊರೆಸಿಕೊಂಡು ಕೇಳಿದೆ: "ಮೌಶಿ, ನೋಡಿದ್ರಿಲ್ಲ? ಹೆಂಗೈತಿ?"

"ನೋಡಿದೆಪಾ, ಎಲ್ಲಾ ನೋಡಿದೆ" ಎಂದಳು ಮೌಶಿ, ಅಕ್ಕರೆಯಿಂದ ನನ್ನ ಗಲ್ಲ ಸವರಿ. "ಗಾಡಿ ಹೊಡಿಯೂವಾಗ ನೀ ನಾಲಿಗಿ ಹೊರಗ ಹಾಕ್ತೀಯಲ್ಲೋ. ಸಣ್ಣಾಂವ ಇದ್ದಾಗ ಪಾಟಿ ಮ್ಯಾಲ ಅ, ಆ ಬರಿಯಾಕೂ ಹಿಂಗ ಹಾಕ್ತಿದ್ದಿ. ನಿನ್ನ ನೋಡಿ ಇಷ್ಟ ವರ್ಷ ಆತು, ಇನ್ನೂ ಹಂಗ ಅದೀ. ಅದನ್ನ ನೋಡಕೋತ ಬಂದೆ, ಬ್ಯಾರೇ ಏನ ನೋಡಲಿಲ್ಲ."

ಮನೆಗೆ ಬಂದವರಿಗೆಲ್ಲ ಅವಳು ಇದನ್ನೇ ಹೇಳಿದಳು, ನಾಲಿಗೆ ಎಷ್ಟು ಹೊರಗೆ ಎಂದು ತೋರಿಸಿಯೂ ಹೇಳಿದಳು. ದಸ್ತಗೀರ ಅದನ್ನು ಚಹಾದಂಗಡಿಗೆ ಮುಟ್ಟಿಸಿದ. ಈಗ ನಾನು ಪೇಟೆಯಲ್ಲಿ ಹಾದುಹೋದರೆ ಜನ ಬಗ್ಗಿ ನೋಡುತ್ತಾರೆ, ಗಾಡಿಯನ್ನಲ್ಲ. ಹಾಗೆಂದು ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಓಡಿಸಿಯೂ ನೋಡಿದ್ದೇನೆ. ಗಾಡಿ ತಿರುವಿನಲ್ಲಿ ಅಷ್ಟು ಸಲೀಸಾಗಿ ತಿರುಗುವುದಿಲ್ಲ.